ಕೀ ಕೈಯಲ್ಲಿತ್ತು, ಕಾರು ಹಾರಿತು: ಟರ್ಬೊ ಟೈಮರ್ ಹಾಕಿಸಬೇಡಿ

ಮೊದಲೇ ಹೇಳಿಬಿಡುತ್ತೇನೆ. ಹೊಸ ಟರ್ಬೊ ಕಾರಿಗೆ ಟರ್ಬೊ ಟೈಮರ್ ಹಾಕಿಸಬೇಡಿ. ಟರ್ಬೊ ಅಂದ್ರೆ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ. ಟೈಮರ್ ಅಂದ್ರೆ ಅದು ತಣ್ಣಗಾಗಲಿ ಅಂತ ಕೀ ತೆಗೆದ ಮೇಲೂ ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸುವ ಡಬ್ಬಿ. ಅಂಗಡಿಯವನು ಏನೇ ಹೇಳಲಿ, ಹಾಕಿಸಬೇಡಿ. ನಾನು ಹಾಕಿಸಿ 6,800 ರೂಪಾಯಿ ಕಳೆದುಕೊಂಡೆ, ವಾರಂಟಿಗೆ ಕಲ್ಲು ಹಾಕಿಕೊಂಡೆ, ಮಾವನ ಮನೆ ಅಂಗಳದಲ್ಲಿ ಮರ್ಯಾದೆಯನ್ನೂ ಬಿಟ್ಟು ಬಂದೆ. ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ಅವತ್ತು ಆ ಅಂಗಡಿಯಲ್ಲಿ ನನ್ನ ಹಿಂದೆ ಇನ್ನೂ ಇಬ್ಬರು ನಿಂತಿದ್ದರು.

ಕಾರು ತಗೊಂಡು 8 ತಿಂಗಳಾಗಿತ್ತು. 1 ಲೀಟರ್ ಟರ್ಬೊ ಪೆಟ್ರೋಲ್, ಮ್ಯಾನುಯಲ್ ಗೇರ್, ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಮಾಡೆಲ್. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿದ್ದು ಸೀಟ್ ಕವರ್‌ಗೆ. ಅಷ್ಟೇ. ಸೀಟ್ ಕವರ್‌ಗೆ. ಚೌಕಾಸಿ ಎಲ್ಲಾ ಮುಗಿದು ಹುಡುಗ ಕವರ್ ಎಳೆದು ಕೂರಿಸುತ್ತಿದ್ದಾಗ ಅಂಗಡಿಯ ಯಜಮಾನ ಬಾನೆಟ್ ಕಡೆ ನೋಡಿ, "ಟರ್ಬೊನಾ ಸಾರ್? ಟೈಮರ್ ಹಾಕಿಸಿಲ್ವಾ?" ಅಂದ. ಮಗುವಿಗೆ ಇನ್ನೂ ಪೋಲಿಯೊ ಹನಿ ಹಾಕಿಸಿಲ್ವಾ ಅಂತ ಕೇಳಿದ ಹಾಗಿತ್ತು ಅವನ ದನಿ.

ಆಮೇಲೆ ಒಳಗಿನಿಂದ ಒಂದು ಹಳೇ ಟರ್ಬೊ ತಂದು ಕೌಂಟರ್ ಮೇಲೆ ಧಡ್ ಅಂತ ಇಟ್ಟ. ಒಳಗೆಲ್ಲ ಕರೀ ಕಿಟ್ಟ. "ನೋಡಿ ಸಾರ್, ಟೈಮರ್ ಹಾಕದವರ ಗಾಡೀದು. 60 ಸಾವಿರ ಹೋಯ್ತು." ನಾನು ಬೆರಳಿಟ್ಟು ನೋಡಿದೆ. ಬೆರಳು ಕಪ್ಪಾಯಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಆ ಟರ್ಬೊ ಹಲಸಿನಕಾಯಿ ಗಾತ್ರ ಇತ್ತು, ನನ್ನ ಕಾರಿನದ್ದು ತೆಂಗಿನಕಾಯಿ ಗಾತ್ರವೂ ಇಲ್ಲ ಅನ್ನೋದು ಹೊಳೆದದ್ದು ಎರಡು ತಿಂಗಳ ನಂತರ. ಅದು ಯಾವುದೋ ಲಾರಿಯದ್ದೋ ಏನೋ!

ಕಷ್ಟ ಏನಂದ್ರೆ ಅವನು ಹೇಳಿದ್ದರಲ್ಲಿ ಅರ್ಧ ನಿಜ. ಇಂಜಿನ್ನಿನ ಬಿಸಿ ಹೊಗೆ ಟರ್ಬೊದ ಚಕ್ರವನ್ನು ತಿರುಗಿಸುತ್ತೆ. ಸಣ್ಣ ಟರ್ಬೊಗಳು ನಿಮಿಷಕ್ಕೆ 2 ಲಕ್ಷ ಸುತ್ತಿನ ಹತ್ತಿರ ಹೋಗುತ್ತವೆ. ಪೆಟ್ರೋಲ್ ಗಾಡಿಯಲ್ಲಿ ಜೋರಾಗಿ ಓಡಿಸಿದರೆ ಆ ಹೊಗೆ 900 ಡಿಗ್ರಿ ದಾಟುತ್ತೆ. ಆ ಚಕ್ರದ ಬೇರಿಂಗ್ ನಿಂತಿರೋದು ಇಂಜಿನ್ ಆಯಿಲಿನ ತೆಳು ಪದರದ ಮೇಲೆ. ಇಂಜಿನ್ ದಿಢೀರ್ ಆಫ್ ಮಾಡಿದರೆ ಆಯಿಲ್ ಪಂಪೂ ನಿಲ್ಲುತ್ತೆ, ಒಳಗೆ ಉಳಿದ ಆಯಿಲ್ ಬಿಸಿಗೆ ಸೀದು ಕಿಟ್ಟ ಕಟ್ಟುತ್ತೆ. ಇದು ನಿಜ. 1980ರ ದಶಕದ ಎಷ್ಟೋ ಗಾಡಿಗಳಲ್ಲಿ ಟರ್ಬೊ ತಣ್ಣಗಾಗಲು ಆಯಿಲ್ ಒಂದೇ ಗತಿಯಾಗಿತ್ತು, ಟೈಮರ್‌ಗೆ ಒಂದು ಅರ್ಥ ಇತ್ತು. ಅವನು ನನಗೆ ಹೇಳಿದ್ದು ಆ ಕಾಲದ ಕಥೆ, ಮಾರಿದ್ದು ಇವತ್ತಿನ ರೇಟಿಗೆ.

ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿ, ಇಗ್ನಿಷನ್ ವೈರ್ ಕತ್ತರಿಸಿ, ಡಬ್ಬಿ ಸೇರಿಸಿ, ಟೇಪ್ ಸುತ್ತಿದರು. ನಾನು ಪಕ್ಕದಲ್ಲೇ ಟೀ ಕುಡಿಯುತ್ತಾ ನಿಂತಿದ್ದೆ. ಟೀ ಅವನೇ ತರಿಸಿದ್ದು. "ವಾರಂಟಿಗೆ ತೊಂದರೆ ಆಗಲ್ವಾ?" ಅಂತ ಕೇಳಿದೆ, ಕೇಳಲಿಲ್ಲ ಅಂತಲ್ಲ. "ಏನೂ ಆಗಲ್ಲ ಸಾರ್, ಕಂಪನಿಯವರೇ ನಮ್ಮ ಹತ್ರ ಕಳಿಸ್ತಾರೆ." ಬಿಲ್ ಕೇಳಿದೆ. "ಬಿಲ್ ಬೇಕಂದ್ರೆ ಜಿಎಸ್‌ಟಿ ಎಕ್ಸ್‌ಟ್ರಾ ಸಾರ್." ನನ್ನ ದುರಾಸೆ, ಬಿಲ್ ಬೇಡ ಅಂದೆ. ಇದನ್ನು ನೆನೆಸಿಕೊಂಡರೆ ಈಗಲೂ ಹಣೆ ಚಚ್ಚಿಕೊಳ್ಳಬೇಕು ಅನಿಸುತ್ತೆ.

ಈಗ ಈ ಡಬ್ಬಿ ಮಾಡುವುದೇನು? ಕೀ ತೆಗೆದ ಮೇಲೂ ಇಂಜಿನ್ನನ್ನು 3 ನಿಮಿಷ ಓಡಿಸುತ್ತೆ. ಅಷ್ಟೇ. ಹಾಲು ತರೋಕೆ ಹೋಗಿ ಬಂದರೂ 3 ನಿಮಿಷ. ಇಂಜಿನ್ ಇನ್ನೂ ಸರಿಯಾಗಿ ಬೆಚ್ಚಗಾಗಿರಲ್ಲ, ಇದು ತಣ್ಣಗೆ ಮಾಡ್ತಾ ಕೂತಿರುತ್ತೆ! ಅಷ್ಟು ಹೊತ್ತು ರಿಮೋಟಲ್ಲಿ ಬಾಗಿಲೂ ಲಾಕ್ ಆಗಲ್ಲ. ಬೇಸ್‌ಮೆಂಟಲ್ಲಿ ಕೀ ಹಿಡಿದುಕೊಂಡು ಕಾರಿನ ಪಕ್ಕ ನಿಂತಿರುತ್ತಿದ್ದೆ. ವಾಚ್‌ಮನ್ ದಿನಾ ಓಡಿ ಬರೋನು, "ಸಾರ್, ಗಾಡಿ ಆಫ್ ಮಾಡಿಲ್ಲ ಸಾರ್." ಅವನಿಗೆ ಟರ್ಬೊ ಪಾಠ ಬೇರೆ ಮಾಡಿದೆ. ಕಾರಿನ ಒಳಗೆ ಕೂತು ಒಂದು ನಿಮಿಷ ಕಾಯೋದು ಫ್ರೀ. ಹೊರಗೆ ನಿಂತು 3 ನಿಮಿಷ ಕಾಯೋಕೆ ನಾನು 6,800 ಕೊಟ್ಟಿದ್ದೆ.

ಪೂರ್ತಿ ಕಣ್ಣು ತೆರೆಸಿದ್ದು ನನ್ನ ಹೆಂಡತಿ. ಒಂದು ದಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ನಿಂತಿದ್ದೆವು. ಕಾರು ಪೆಟ್ರೋಲ್ ಉಳಿಸೋಕೆ ತಾನಾಗಿಯೇ ಆಫ್ ಆಯಿತು. ಈಗಿನ ಬಹಳ ಕಾರುಗಳಲ್ಲಿ ಇದು ಇದೆ, ಅಲ್ವಾ? ಅವಳು ಕೇಳಿದಳು, "ಏನ್ರೀ, ಸಿಗ್ನಲ್ಲಲ್ಲಿ ಕಂಪನಿಯವರೇ ಆಫ್ ಮಾಡ್ತಾರಲ್ಲ, ಆಗ ಟರ್ಬೊ ಸುಟ್ಟು ಹೋಗಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಸಿಗ್ನಲ್ ಹಸಿರಾಗಿ ಹಿಂದಿನವರು ಹಾರನ್ ಹೊಡೆದರೂ ನಾನು ಹಾಗೇ ಕೂತಿದ್ದೆ. ಮನೆಗೆ ಬಂದು ಅಂಗಡಿಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದೆ. ಅವನು ಒಂದು ಸೆಕೆಂಡೂ ತಡ ಮಾಡಲಿಲ್ಲ. "ಅದು ಬೇರೆ ಸಾರ್, ಇದು ಬೇರೆ." ಹೇಗೆ ಬೇರೆ? "ಅದು ಬೇರೆ ಸಾರ್."

ಅವತ್ತೇ ಕೀಳಿಸಬೇಕಿತ್ತು. ದುಡ್ಡು ಕೊಟ್ಟಿದ್ದೀನಲ್ಲ, ಇರಲಿ ಅಂದುಕೊಂಡೆ. ಮುಂದಿನ ವಾರ ತೀರ್ಥಹಳ್ಳಿಗೆ ಹೋದೆವು. ಮಾವನ ಮನೆ ಅಂಗಳ ಏರು. ಏರಿನಲ್ಲಿ ನಿಲ್ಲಿಸುವಾಗ ಏನು ಮಾಡ್ತೀವಿ? ಹ್ಯಾಂಡ್ ಬ್ರೇಕ್ ಎಳೆದು, ಕೀ ತೆಗೆದು, ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಡ್ತೀವಿ. ಡ್ರೈವಿಂಗ್ ಕಲಿತಾಗಿನಿಂದ ಕಾಲಿಗೆ ಬಂದ ಅಭ್ಯಾಸ. ಅದನ್ನೇ ಮಾಡಿದೆ. ಇಂಜಿನ್ ಓಡ್ತಾ ಇತ್ತು, ಟೈಮರ್! ಕಾರು ಕಪ್ಪೆ ಥರ ಮುಂದಕ್ಕೆ ಹಾರಿ, ಅತ್ತೆಯ ದಾಸವಾಳದ ಎರಡು ಕುಂಡ ಒಡೆದು, ಜಗಲಿಯ ಕಲ್ಲಿಗೆ ಬಂಪರ್ ಗುದ್ದಿ ಆಫ್ ಆಯಿತು. ಪುಣ್ಯಕ್ಕೆ ಮುಂದೆ ಯಾರೂ ಇರಲಿಲ್ಲ. ಎರಡು ನಿಮಿಷದ ಹಿಂದೆ ನಾದಿನಿಯ ಮಗು ಅಲ್ಲೇ ಓಡಾಡುತ್ತಿತ್ತು. ಇದನ್ನು ಬರೆಯುವಾಗಲೂ ಕೈ ನಡುಗುತ್ತೆ.

ಮಾವ ಜಗಲಿಯಿಂದ ಎದ್ದು ಬಂದು ನನ್ನ ಕೈ ನೋಡಿದರು, ಕಾರು ನೋಡಿದರು. "ಎಂತದು ಮಾರಾಯ್ರೆ ಇದು, ಕೀ ಕೈಯಲ್ಲಿ ಹಿಡ್ಕೊಂಡು ಕಾರು ಹಾರಿಸ್ತೀರಲ್ಲ?" ಊಟಕ್ಕೆ ಕೂತಾಗಲೂ ಅದೇ ಮಾತು. ಪಕ್ಕದ ಮನೆಯವರು ಮೊದಲು ಬಸ್ ಓಡಿಸುತ್ತಿದ್ದವರು. "ಆಗುಂಬೆ ಹತ್ತಿ ಬಂದ್ರೆ ನಾವು ಒಂದು ನಿಮಿಷ ಇಂಜಿನ್ ಹಾಗೇ ಬಿಡ್ತಿದ್ವಿ. ಅದಕ್ಕೊಂದು ಡಬ್ಬಿ ಯಾಕೆ ಬೇಕು?" ಅಂದರು. ಆ ಮಾತಲ್ಲಿ ಎಲ್ಲಾ ಇತ್ತು.

ಅಂಗಡಿಗೆ ಫೋಟೊ ಕಳಿಸಿದೆ. ಉತ್ತರ: "ಗೇರಲ್ಲಿ ಹಾಕಿದ್ದು ನಿಮ್ಮ ತಪ್ಪು ಸಾರ್." ಇದನ್ನು ಮೊದಲೇ ಹೇಳಬೇಕಿತ್ತಲ್ವಾ ಅಂದೆ. "ಎಲ್ಲರಿಗೂ ಗೊತ್ತಿರುತ್ತೆ ಸಾರ್." ದುಡ್ಡು ವಾಪಸ್ ಕೊಡಿ ಅಂದೆ. "ಫಿಟ್ ಮಾಡಿದ ಮಾಲು ವಾಪಸ್ ಇಲ್ಲ." ಬಿಲ್ ಇಲ್ಲದೆ ಮಾರಿದ್ದೀರಿ ಅಂದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣ ಅಂದರೆ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಸರ್ವಿಸ್ ಸೆಂಟರ್‌ನಲ್ಲಿ ಇನ್ನೊಂದು ಏಟು. ವೈರ್ ಕತ್ತರಿಸಿದ್ದನ್ನು ನೋಡಿ ಫೋಟೊ ತೆಗೆದು, ಆ ಭಾಗದ ಎಲೆಕ್ಟ್ರಿಕಲ್ ವಾರಂಟಿ ಇನ್ನು ಇಲ್ಲ ಅಂತ ಬರೆದುಕೊಂಡರು. ವೈರಿಂಗ್ ಸರಿ ಮಾಡೋಕೆ 9,200, ಬಂಪರ್‌ಗೆ ಪೇಂಟ್ 4,500. ಅಲ್ಲಿನ ಹುಡುಗ ಮಾತ್ರ ತಾಳ್ಮೆಯಿಂದ ಹೇಳಿದ. ನಿಮ್ಮ ಟರ್ಬೊಗೆ ಆಯಿಲ್ ಜೊತೆ ಕೂಲೆಂಟೂ, ಅಂದ್ರೆ ಇಂಜಿನ್ ತಣ್ಣಗಿಡುವ ದ್ರವವೂ, ಹರಿಯುತ್ತೆ ಸಾರ್. ಇಂಜಿನ್ ಆಫ್ ಆದ ಮೇಲೂ ಒಂದು ಸಣ್ಣ ಕರೆಂಟ್ ಪಂಪ್ ಅದನ್ನು ತಿರುಗಿಸುತ್ತೆ. ಕೆಲವು ಸಲ ಇಳಿದ ಮೇಲೆ ಬಾನೆಟ್ ಒಳಗೆ ಗುಂಯ್ ಅನ್ನಲ್ವಾ? ಅದೇ ಅದು. ಆ ಸದ್ದನ್ನು ನಾನು ಇಷ್ಟು ದಿನ ರಿಪೇರಿ ಅಂದುಕೊಂಡಿದ್ದೆ. ಟರ್ಬೊ ಉಳೀಬೇಕಂದ್ರೆ ಹೇಳಿದ ಗ್ರೇಡಿನ ಆಯಿಲ್ ಹಾಕಿಸಿ, ಹೊತ್ತಿಗೆ ಸರಿಯಾಗಿ ಬದಲಾಯಿಸಿ ಅಂದ.

ಆಮೇಲೆ ಗ್ಲೋವ್ ಬಾಕ್ಸಿನಿಂದ ಕಾರಿನ ಮ್ಯಾನುಯಲ್ ಪುಸ್ತಕ ತೆಗೆದ. ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲಿಲ್ಲ. ಜೋರಾಗಿ ಓಡಿಸಿದ ಮೇಲೆ ಅಥವಾ ಘಾಟಿ ಹತ್ತಿದ ಮೇಲೆ ಒಂದು ನಿಮಿಷ ಐಡಲ್ ಬಿಡಿ (ಗಾಡಿ ನಿಲ್ಲಿಸಿ ಇಂಜಿನ್ ಮಾತ್ರ ಓಡಲಿ), ಮಾಮೂಲಿ ಓಡಾಟಕ್ಕೆ ಬೇಕಿಲ್ಲ. ಎರಡು ಸಾಲು. ನನ್ನ ಕಾರಿನ ಒಳಗೇ ಮೊದಲ ದಿನದಿಂದ ಇತ್ತು.

ಆ ಒಂದು ನಿಮಿಷ ಬೇಕಾಗೋದು ಯಾವಾಗ ಅಂದ್ರೆ, ಸೋಮೇಶ್ವರದಿಂದ ಆಗುಂಬೆ ಹತ್ತಿ ನೇರ ಸೂರ್ಯಾಸ್ತದ ಜಾಗದಲ್ಲಿ ನಿಲ್ಲಿಸಿದಾಗ. ಹೈವೇಲಿ 100ರಲ್ಲಿ ಬಂದು ಹಾಗೇ ಬಂಕಿಗೆ ನುಗ್ಗಿದಾಗ. ಊರೊಳಗೆ ಮನೆ ಮುಂದಿನ ಕೊನೆಯ ಒಂದು ಕಿಲೋಮೀಟರ್, ನಾಲ್ಕು ಹಂಪು, ಎರಡು ಹಸು, ಅಷ್ಟರಲ್ಲೇ ಟರ್ಬೊ ತಣ್ಣಗಾಗಿರುತ್ತೆ. ನಿಮ್ಮ ಗಾಡಿಯದ್ದು ನಿಮ್ಮ ಮ್ಯಾನುಯಲ್ಲಲ್ಲಿ ನೋಡಿಕೊಳ್ಳಿ. ಬಿಲ್ ಇಲ್ಲದೆ ಏನೂ ಹಾಕಿಸಬೇಡಿ. ಈಗಾಗಲೇ ಟೈಮರ್ ಇದ್ದರೆ ದಯವಿಟ್ಟು ಗೇರಲ್ಲಿ ನಿಲ್ಲಿಸಬೇಡಿ. ಇನ್ನೊಂದು, ಡ್ರೈವರ್ ಸೀಟಲ್ಲಿ ಲೈಸೆನ್ಸ್ ಇರುವವರು ಯಾರೂ ಇಲ್ಲದಾಗ ಇಂಜಿನ್ ಆಫ್ ಮಾಡದೆ ಗಾಡಿಯನ್ನು ರಸ್ತೆಯಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 126ನೇ ಸೆಕ್ಷನ್ ಇದನ್ನೇ ಹೇಳುತ್ತೆ. ಇದು ನನಗೆ ಗೊತ್ತಾದದ್ದು ಎಲ್ಲಾ ಆದ ಮೇಲೆ.

ಕಿತ್ತ ಡಬ್ಬಿ ಈಗ ಟಿವಿ ಕೆಳಗಿನ ಡ್ರಾಯರ್‌ನಲ್ಲಿದೆ. ಮೊನ್ನೆ ಅದೇ ಅಂಗಡಿಯಿಂದ ಮೆಸೇಜ್ ಬಂತು, ದುಡ್ಡಿನ ವಿಷಯ ಇರಬೇಕು ಅಂತ ಆಸೆಯಿಂದ ತೆರೆದೆ. "ಆಯುಧ ಪೂಜೆ ಆಫರ್! ಟರ್ಬೊ ಟೈಮರ್, ಈಗ ಪುಶ್ ಬಟನ್ ಗಾಡಿಗೂ."