ಮಾಸ್ಕೋದ ಸಿಎಸ್‌ಕೆಎಯೋ, ಸೇಂಟ್ ಪೀಟರ್ಸ್‌ಬರ್ಗ್‌ನ ಎಸ್‌ಕೆಎಯೋ?

ರಷ್ಯಾದ ಸೇನಾ ಐಸ್ ಹಾಕಿ ತಂಡಗಳ ಇತಿಹಾಸವನ್ನು ಎಲ್ಲಿಂದ ಓದಲು ಶುರು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ, ನಿಮಗೆ ಯಾವ ಕಾಲ ಬೇಕು ಎಂಬುದರ ಮೇಲೆ ನಿಂತಿದೆ. ಎರಡೂ ತಂಡಗಳು 1946ರಲ್ಲೇ ಹುಟ್ಟಿದವು.

ಪ್ರಶಸ್ತಿಗಳ ಲೆಕ್ಕ ಹಿಡಿದರೆ ಸೋವಿಯತ್ ಕಾಲದಲ್ಲಿ ಹೋಲಿಕೆಯೇ ಇಲ್ಲ. ಸಿಎಸ್‌ಕೆಎ 32 ಬಾರಿ ಚಾಂಪಿಯನ್. 1977ರಿಂದ 1989ರವರೆಗೆ ಸತತ 13. ಎಸ್‌ಕೆಎಗೆ ಒಂದೂ ಇಲ್ಲ, 1971 ಮತ್ತು 1987ರಲ್ಲಿ ಮೂರನೇ ಸ್ಥಾನವೇ ಗರಿಷ್ಠ. ಕಾರಣ ಬರೀ ತರಬೇತಿಯಲ್ಲ. ಕಡ್ಡಾಯ ಸೇನಾ ಸೇವೆಯ ನೆಪದಲ್ಲಿ ಮಾಸ್ಕೋ ತಂಡ ಬೇರೆ ಕ್ಲಬ್‌ಗಳ ಉತ್ತಮ ಆಟಗಾರರನ್ನು ಸೆಳೆದುಕೊಳ್ಳುತ್ತಿತ್ತು: ಚೆಲ್ಯಾಬಿನ್ಸ್ಕ್‌ನಿಂದ ಮಕರೊವ್, ವೊಸ್ಕ್ರೆಸೆನ್ಸ್ಕ್‌ನಿಂದ ಲಾರಿಯೊನೊವ್. ಸಿಎಸ್‌ಕೆಎ ಕೋಚ್‌ಗಳಾದ ತರಾಸೊವ್, ಟಿಖೊನೊವ್ ಅವರ ಆಟದ ತಂತ್ರ, 1975ರ ಡಿಸೆಂಬರ್ 31ರಂದು ಮಾಂಟ್ರಿಯಲ್‌ನಲ್ಲಿ ಅಲ್ಲಿನ ಕೆನೇಡಿಯನ್ಸ್ ತಂಡದ ಎದುರು 3-3 ಡ್ರಾ ಆದ ಪಂದ್ಯ ಬೇಕೆಂದರೆ ಇಲ್ಲಿಂದಲೇ ಹೊರಡಿ.

ಓದುವ ಸುಲಭ ನೋಡಿದರೆ ಸಿಎಸ್‌ಕೆಎ ತುಸು ಕಿರಿಕಿರಿ. ಹಳೆಯ ಪಟ್ಟಿಗಳಲ್ಲಿ ಸಿಡಿಕೆಎ, ಸಿಡಿಎಸ್‌ಎ ಎಂದಿದ್ದರೂ ತಂಡ ಇದೇ; ಬೇರೆ ಬೇರೆ ಎಂದುಕೊಂಡರೆ ಪ್ರಶಸ್ತಿಗಳ ಲೆಕ್ಕ ತಪ್ಪುತ್ತದೆ. 1996ರಲ್ಲಿ ಕ್ಲಬ್ ಒಡೆದು ಎರಡಾಗಿದ್ದೂ ಗೊಂದಲವೇ.

ರಷ್ಯಾದ ಈಚಿನ ಉನ್ನತ ಹಾಕಿ ಲೀಗ್ ಆದ ಕೆಎಚ್‌ಎಲ್ ಮಾತ್ರ ಸಾಕೆಂದರೆ ಎಸ್‌ಕೆಎ ಒಳ್ಳೆಯ ಬಾಗಿಲು. ಅದು ಈ ಲೀಗ್‌ನ ಪ್ರಶಸ್ತಿಯಾದ ಗಗಾರಿನ್ ಕಪ್ ಗೆದ್ದದ್ದು 2015, 2017ರಲ್ಲಿ. ಸಿಎಸ್‌ಕೆಎ 2019, 2022, 2023ರಲ್ಲಿ. 2015ರ ಸೆಮಿಫೈನಲ್ ಸರಣಿಯನ್ನಂತೂ ಬಿಡಬೇಡಿ: ಸಿಎಸ್‌ಕೆಎ ಎದುರು 0-3 ಹಿಂದಿದ್ದ ಎಸ್‌ಕೆಎ 4-3ರಿಂದ ಗೆದ್ದಿತು.