ಮೈಸೂರಿಗೆ ಬರ್ಬೇಕಿದ್ದ ಮ್ಯಾಗಜಿನ್ ಇಂಡಿಯಾನಾಗೆ ಹೋಯ್ತು: ಏಜೆಂಟ್ ಸೈಟಲ್ಲಿ ಚಂದಾ ಕಟ್ಬೇಡಿ

ಉದ್ದ ಇದೆ, ಮೊದಲೇ ಹೇಳ್ಬಿಡ್ತೀನಿ. ಅರ್ಜೆಂಟಲ್ಲಿರೋರು ಇಷ್ಟು ಓದ್ಕೊಂಡು ಹೋಗಿ: ಅಮೆರಿಕದ ಸೈನ್ಸ್ ಫಿಕ್ಷನ್ ಮ್ಯಾಗಜಿನ್‌ಗೆ ಚಂದಾ ಕಟ್ಟೋದಿದ್ರೆ ಆ ಮ್ಯಾಗಜಿನ್ ಒಳಗಡೆ ಪುಟದಲ್ಲಿ ಪ್ರಿಂಟ್ ಆಗಿರೋ ಅಡ್ರೆಸ್‌ಗೇ ಕಟ್ಟಿ. ಹುಡುಕಿದ ತಕ್ಷಣ ಮೇಲ್ಗಡೆ ಬರುತ್ತಲ್ಲ, ನೂರಾರು ಮ್ಯಾಗಜಿನ್ ಒಂದೇ ಅಂಗಡೀಲಿ ಮಾರೋ ಸೈಟ್‌ಗಳು, ಆ ಕಡೆ ತಲೆ ಹಾಕ್ಬೇಡಿ. ನಾನು ತಲೆ ಹಾಕಿ 8,222 ರೂಪಾಯಿ ಕಳ್ಕೊಂಡಿದೀನಿ. ಸಿಕ್ಕಿದ್ದು ಒಂದೇ ಒಂದು ಸಂಚಿಕೆ, ಅದೂ ಮೂಲೆ ಹರಿದಿದ್ದು.

ನಂಗೆ ಈ ಹುಚ್ಚು ಹತ್ತಿದ್ದು ಕಾಲೇಜಲ್ಲಿ. ಬೆಂಗಳೂರಿಗೆ ಹೋದಾಗೆಲ್ಲ ಅವೆನ್ಯೂ ರೋಡ್ ಫುಟ್‌ಪಾತಲ್ಲಿ ಹಳೇ ಪುಸ್ತಕದ ರಾಶಿ ಕೆದಕ್ತಾ ಇದ್ದೆ, ಒಂದಿನ ಅದ್ರಲ್ಲಿ ನಾಲ್ಕು ಅನಲಾಗ್ ಸಂಚಿಕೆ ಸಿಕ್ತು, ಸಣ್ಣ ಸೈಜು, ಹಳದಿ ಆಗಿರೋ ಕಾಗ್ದ. 1930ರಲ್ಲಿ ಅಸ್ಟೌಂಡಿಂಗ್ ಅನ್ನೋ ಹೆಸರಲ್ಲಿ ಶುರುವಾಗಿ 1960ರಲ್ಲಿ ಅನಲಾಗ್ ಆದ ಪತ್ರಿಕೆ ಅದು, ಕಥೆಗಳ ಜೊತೆಗೆ ನಿಜವಾದ ವಿಜ್ಞಾನ ಲೇಖನಾನೂ ಹಾಕ್ತಾರೆ. ಹಾರ್ಡ್ ಸೈನ್ಸ್ ಫಿಕ್ಷನ್, ಅಂದ್ರೆ ವಿಜ್ಞಾನದ ನಿಯಮ ಮೀರದೆ ಬರೆಯೋ ಕಥೆ, ಏನು ಅಂತ ಗೊತ್ತಾಗಿದ್ದೇ ಆಗ. ಮಂಗಳದಲ್ಲಿರೋನು ಭೂಮಿಗೆ ಹಲೋ ಅಂದ್ರೆ ಉತ್ತರಕ್ಕೆ ಕಮ್ಮಿ ಅಂದ್ರೂ 6 ನಿಮಿಷ, ಎರಡು ಗ್ರಹನೂ ದೂರ ಇದ್ದಾಗ 40 ನಿಮಿಷದ ಮೇಲೆ ಕಾಯ್ಲೇಬೇಕು, ಕಥೆಗಾರ ಎಷ್ಟೇ ದೊಡ್ಡೋನಾಗಿದ್ರೂ ಆ ಲೆಕ್ಕ ತಪ್ಪಿಸೋ ಹಾಗಿಲ್ಲ. ತಪ್ಪಿಸಿದ್ರೆ ಓದುಗರ ಪತ್ರದಲ್ಲಿ ಗ್ರಹಚಾರ ಬಿಡಿಸ್ತಾರೆ. ಆ ಪತ್ರಗಳ ಅಂಕಣಕ್ಕೆ ಬ್ರಾಸ್ ಟ್ಯಾಕ್ಸ್ ಅಂತ ಹೆಸರು, ನಾನು ಕಥೆಗಿಂತ ಮುಂಚೆ ಅದನ್ನೇ ಓದ್ತಿದ್ದೆ.

ಆಮೇಲೆ ಸುಮಾರು ವರ್ಷ ಇಂಥ ಪತ್ರಿಕೆಗಳನ್ನ ಇ-ರೀಡರಲ್ಲೇ ತಿಂಗಳ ಲೆಕ್ಕದಲ್ಲಿ ತರಿಸ್ಕೊಂಡು ಓದ್ತಿದ್ದೆ. 2023ರಲ್ಲಿ ಆ ಇ-ರೀಡರ್ ಅಂಗಡಿಯೋರು ಮ್ಯಾಗಜಿನ್ ಚಂದಾ ವ್ಯವಹಾರಾನೇ ಮುಚ್ಬಿಟ್ರು. ಒಂದು ವರ್ಷ ಸುಮ್ನಿದ್ದೆ. ಆಮೇಲೆ ಕಾಗ್ದದ್ದನ್ನೇ ಮನೆಗೆ ತರಿಸೋಣ ಅನ್ನೋ ಆಸೆ ಬಂತು. ಚಿಕ್ಕೋನಿದ್ದಾಗ ನಮ್ಮಪ್ಪ ಬಾಲವಿಜ್ಞಾನಕ್ಕೆ ಚಂದಾ ಕಟ್ಟಿದ್ರು, ಪೋಸ್ಟ್‌ಮ್ಯಾನ್ ಗೇಟ್ ಹತ್ರ ಬಂದ್ರೆ ಓಡ್ತಿದ್ದೆ, ಆ ಖುಷಿ ಇನ್ನೊಂದ್ಸಲ ಬೇಕಿತ್ತು ಅಷ್ಟೇ. ನಾನು ಕಟ್ಟಿದ್ದು ಎರಡು ತಿಂಗಳಿಗೊಮ್ಮೆ ಬರೋ ಒಂದು ಅಮೆರಿಕನ್ ಪತ್ರಿಕೆಗೆ. ಹೆಸರು ಹೇಳಲ್ಲ, ಅವ್ರದ್ದೇನೂ ತಪ್ಪಿಲ್ಲ.

ತಪ್ಪು ಆ ಮಧ್ಯದ ಸೈಟಿಂದು, ಮತ್ತೆ ಸ್ವಲ್ಪ ನಂದು. ಸೈಟಿನ ವಿಳಾಸದಲ್ಲೇ ಪತ್ರಿಕೆ ಹೆಸರಿತ್ತು, ಮುಖಪುಟದ ಫೋಟೋ ಇತ್ತು, ಕೆಂಪು ಪಟ್ಟೀಲಿ ಅರ್ಧಕ್ಕರ್ಧ ರಿಯಾಯ್ತಿ ಅಂತಿತ್ತು. ಇದು ಪತ್ರಿಕೆಯೋರದ್ದೇ ಸೈಟು ಅನ್ಕೊಂಡೆ. ವರ್ಷಕ್ಕೆ 6 ಸಂಚಿಕೆ, 94 ಡಾಲರ್. 2024ರ ಸೆಪ್ಟೆಂಬರ್ 3. ಡಾಲರ್‌ಗೆ 84 ಹಿಡಿದು 7,896, ಅದರ ಮೇಲೆ ಬ್ಯಾಂಕಿನ ಫಾರಿನ್ ಕರೆನ್ಸಿ ಚಾರ್ಜ್ ಮೂರೂವರೆ ಪರ್ಸೆಂಟ್, ಆ ಚಾರ್ಜ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 8,222. ಓಟಿಪಿ ಕೂಡ ಕೇಳ್ಲಿಲ್ಲ, ಕಾರ್ಡ್ ನಂಬರ್ ಹಾಕಿದ್ದೇ ದುಡ್ಡು ಹೋಯ್ತು. ಪತ್ರಿಕೆಯೋರ ಸ್ವಂತ ಸೈಟಲ್ಲಿ ಫಾರಿನ್ ಅಡ್ರೆಸ್‌ಗೆ ಇದಕ್ಕಿಂತ ಕಮ್ಮಿ ರೇಟಿತ್ತು ಅಂತ ಆಮೇಲೆ ನೋಡಿ ಹೊಟ್ಟೆ ಉರೀತು.

ಅಡ್ರೆಸ್ ಫಾರಂ ನೋಡಿದಾಗಲೇ ನಂಗೆ ಡೌಟ್ ಬರ್ಬೇಕಿತ್ತು. ಪಿನ್‌ಕೋಡ್ ಖಾನೆ ಐದೇ ಅಂಕಿ ತಗೊಳ್ತಿತ್ತು, 570009 ಅಂತ ಹೊಡೆದ್ರೆ ಕೊನೇ 9 ನುಂಗ್ಬಿಡೋದು. ಹೋಗ್ಲಿ, ಊರ ಹೆಸರಿದೆಯಲ್ಲ ಅಂತ ಬಿಟ್ಟೆ. ಸ್ಟೇಟ್ ಖಾನೇಲಿ ಕರ್ನಾಟಕ ಇಲ್ಲ, ಖಾಲಿ ಬಿಟ್ರೆ ಮುಂದಕ್ಕೆ ಹೋಗಲ್ಲ, ಪಟ್ಟೀಲಿ ಬರೀ ಎರಡೆರಡು ಅಕ್ಷರ, ಹುಡುಕಿ ಹುಡುಕಿ ಐ ಎನ್ ಅಂತ ಸಿಕ್ತು, ಇಂಡಿಯಾ ತಾನೇ ಅಂತ ಒತ್ತಿದೆ. ಇಂಜಿನಿಯರ್ ಬೇರೆ ನಾನು.

ಕನ್ಫರ್ಮೇಶನ್ ಮೇಲಲ್ಲಿ ಮೊದಲ್ನೇ ಸಂಚಿಕೆ ಬರೋಕೆ ವಿದೇಶಕ್ಕಾದ್ರೆ 14 ವಾರ ಆಗ್ಬಹುದು ಅಂತಿತ್ತು. ಸಮುದ್ರ ದಾಟಿ ಬರ್ಬೇಕಲ್ಲ ಅಂತ ಕಾದೆ. ಡಿಸೆಂಬರ್ 10ಕ್ಕೆ 14 ವಾರ ಮುಗೀತು, ಅವತ್ತೇ ಮೇಲ್ ಹಾಕಿದೆ. ಉತ್ತರ ಬಂದಿದ್ದು 21ಕ್ಕೆ. ಎರಡೂವರೆ ಸಾವಿರ ಕೋಟಿ ಕಿಲೋಮೀಟರ್ ದೂರ ಇರೋ ವಾಯೇಜರ್ 1 ಬಾಹ್ಯಾಕಾಶ ನೌಕೆಯಿಂದ ಸಿಗ್ನಲ್ ಬರೋಕೆ ಹೆಚ್ಚುಕಮ್ಮಿ ಒಂದು ದಿನ ಸಾಕು, ಇವರ ಮೇಲ್‌ಗೆ 11 ದಿನ. ಏನಂತ ಅಂದ್ರೆ, ಸಂಚಿಕೆ ಅಂಚೇಲಿ ಕಳ್ದಿರ್ಬೇಕು, ನಿಮ್ಮ ಚಂದಾ ಮುಗಿಯೋದನ್ನ ಒಂದು ಸಂಚಿಕೆ ಮುಂದಕ್ಕೆ ಹಾಕಿದೀವಿ. ಮುಂದಕ್ಕೆ ಹಾಕೋದಂತೆ! ಬರದೇ ಇರೋದನ್ನ ಇನ್ನೊಂದ್ಸಲ ಬರದೇ ಇರೋ ಹಾಗೆ ಮಾಡೋದು. ಅವತ್ತೇ ವಾಪಸ್ ಬರೆದೆ, ನಂಗೆ ದುಡ್ಡು ವಾಪಸ್ ಬೇಕು ಅಂತ. ಮತ್ತೆ 11 ದಿನ. ಜನವರಿ 1ಕ್ಕೆ ಹೊಸ ವರ್ಷದ ಶುಭಾಶಯದ ಜೊತೆ ಇನ್ನೊಂದು ಸಂಚಿಕೆ ಮುಂದಕ್ಕೆ.

ಸಂಕ್ರಾಂತಿ ಮುಗಿಸ್ಕೊಂಡು ಬ್ಯಾಂಕಿಗೆ ಹೋದೆ. ಮೇಡಂ ಸ್ಟೇಟ್‌ಮೆಂಟ್ ನೋಡಿ, ಕಾರ್ಡ್ ಡಿಸ್ಪ್ಯೂಟ್, ಅಂದ್ರೆ ಕಾರ್ಡಲ್ಲಿ ಕಟ್ಟಿದ ದುಡ್ಡು ವಾಪಸ್ ಕೇಳೋ ದೂರು, ಹಾಕೋಕೆ 120 ದಿನ ಟೈಮು ಸರ್, ನಿಮ್ದು ಮುಗಿದಿದೆ ಅಂದ್ರು. ಮನೆಗೆ ಬಂದು ಕ್ಯಾಲೆಂಡರ್ ತಗೊಂಡು ಕೂತೆ. 14 ವಾರ ಅಂದ್ರೆ 98 ದಿನ. ಅದಕ್ಕೆ 11, ಇನ್ನೊಂದು 11. ಸರಿಯಾಗಿ 120. ಬೇಕಂತಲೇ ಮಾಡ್ತಾರೋ ಇಲ್ವೋ ದೇವರಿಗೇ ಗೊತ್ತು, ಆದ್ರೆ ಆರ್ಬಿಟ್ ಲೆಕ್ಕ ಹಾಕಿದ ಹಾಗಿತ್ತು. ಮತ್ತೆ ಒಂದು ವಿಷ್ಯ, ಸಾಮಾನು ಬರ್ಲೇ ಇಲ್ಲ ಅನ್ನೋ ಕೇಸಲ್ಲಿ ಆ 120 ದಿನಾನ ಸಾಮಾನು ಬರ್ಬೇಕಿದ್ದ ದಿನದಿಂದ ಎಣಿಸ್ಬೇಕು, ದುಡ್ಡು ಕಟ್ಟಿದ ದಿನದಿಂದ ಅಲ್ಲ. ಇದು ನಂಗೆ ತಿಳಿದಿದ್ದು ಬಹಳ ತಡವಾಗಿ. ನಿಮಗೆ ಹಿಂಗಾದ್ರೆ ಬ್ಯಾಂಕಲ್ಲಿ ಈ ಮಾತು ಎತ್ತಿ, ಸುಮ್ನೆ ತಲೆ ಆಡಿಸ್ಕೊಂಡು ನನ್ನ ಥರ ಎದ್ದು ಬರ್ಬೇಡಿ. ಮೇಡಂ ಒಂದು ಒಳ್ಳೇ ಕೆಲ್ಸ ಮಾಡಿದ್ರು, ಮೊಬೈಲ್ ಇಸ್ಕೊಂಡು ಬ್ಯಾಂಕ್ ಆಪಲ್ಲಿ ಇಂಟರ್‌ನ್ಯಾಷನಲ್ ಟ್ರಾನ್ಸಾಕ್ಷನ್ ಆಫ್ ಮಾಡ್ಕೊಟ್ರು, ಬೇಕಾದಾಗ ಮಾತ್ರ ಆನ್ ಮಾಡ್ಕೊಳ್ಳಿ ಸರ್ ಅಂತ.

ಜೂನಲ್ಲಿ ನಮ್ಮ ಪೋಸ್ಟ್‌ಮ್ಯಾನ್ ಗೇಟ್ ಹತ್ರ ನಿಂತು, ಸಾರ್, ಇದು ಲೋಕ ಎಲ್ಲಾ ಸುತ್ಕೊಂಡು ಬಂದಂಗಿದೆ ನೋಡಿ ಅಂತ ನಗ್ತಾ ಒಂದು ಕವರ್ ಕೊಟ್ರು. ಪ್ಲಾಸ್ಟಿಕ್ ಕವರ್ ಒಂದು ಕಡೆ ಹರಿದು ಟೇಪ್ ಹಾಕಿತ್ತು, ಒಂದರ ಮೇಲೊಂದು ಸೀಲು, ಒಂದೂ ಓದೋಕಾಗಲ್ಲ. ಒಳಗೆ ಜನವರಿ-ಫೆಬ್ರವರಿ ಸಂಚಿಕೆ. ಲೇಬಲಲ್ಲಿ ಮೈಸೂರು, ಪಕ್ಕದಲ್ಲಿ ಐ ಎನ್, ಆಮೇಲೆ 57000. ದೇಶದ ಹೆಸರೇ ಇಲ್ಲ. ಮೈಸೂರು ಅನ್ನೋದಕ್ಕೆ ಯಾರೋ ನೀಲಿ ಪೆನ್ನಲ್ಲಿ ಸುತ್ತು ಹಾಕಿ ಕೆಳಗೆ ದಪ್ಪ ಅಕ್ಷರದಲ್ಲಿ ಇಂಡಿಯಾ ಅಂತ ಬರೆದಿದ್ರು. ಆ ಪುಣ್ಯಾತ್ಮ ಯಾವ ಊರ ಪೋಸ್ಟಾಫೀಸಲ್ಲಿ ಇದಾನೋ, ಅವನು ತಣ್ಣಗಿರ್ಲಿ.

ಲೇಬಲ್ ಫೋಟೋ ತೆಗೆದು ಡಲ್ಲಾಸಲ್ಲಿರೋ ಚಿಕ್ಕಪ್ಪನ ಮಗನಿಗೆ ವಾಟ್ಸಾಪ್ ಮಾಡಿದೆ. ಬಿದ್ದು ಬಿದ್ದು ನಕ್ಕ. "ಅಣ್ಣಾ, ಇಲ್ಲಿ ಐ ಎನ್ ಅಂದ್ರೆ ಇಂಡಿಯಾನಾ ಕಣೋ, 570 ಅಂತ ಶುರುವಾಗೋ ಕೋಡ್ ಸೌತ್ ಡಕೋಟದ್ದು, ಪಾಪ ಯಾವ ಕಡೆ ಅಂತ ಹೋಗ್ಬೇಕು ಅದು" ಅಂದ. ಆಮೇಲೆ ಅವ್ನೇ ಇನ್ನೊಂದು ತೋರಿಸ್ದ. ಲೇಬಲ್ ಮೇಲ್ಗಡೆ ಸಣ್ಣಗೆ ಚಂದಾ ಯಾವ ಸಂಚಿಕೆಗೆ ಮುಗಿಯುತ್ತೆ ಅಂತ ಪ್ರಿಂಟ್ ಆಗಿರುತ್ತಂತೆ. ನಂದು ಮೇ-ಜೂನ್ 2025. ಜನವರಿ, ಮಾರ್ಚ್, ಮೇ, ಅಲ್ಲಿಗೆ ಮೂರೇ! ನಾನು ಆರಕ್ಕೆ ದುಡ್ಡು ಕೊಟ್ಟಿದ್ದೆ. ಒಳಗಿದ್ದ ಮೇಲ್ ಐಡಿಗೆ ಪತ್ರಿಕೆಯೋರಿಗೇ ಬರೆದೆ, ಎರಡೇ ದಿನಕ್ಕೆ ಉತ್ತರ ಬಂತು. ನಿಮ್ಮ ಹೆಸರಲ್ಲಿ ಬಂದಿರೋದು ಮೂರು ಸಂಚಿಕೆ ಆರ್ಡರ್ರೇ, ಆ ಸೈಟಿಗೂ ನಮಗೂ ಸಂಬಂಧ ಇಲ್ಲ, ಮೂರೂ ಇದೇ ಅಡ್ರೆಸ್‌ಗೆ ಕಳ್ಸಿದೀವಿ ಅಂತ. ಇನ್ನೆರಡು ಎಲ್ಲಿದಾವೋ ಇವತ್ತಿಗೂ ಪತ್ತೆ ಇಲ್ಲ.

ಅಸ್ಟೌಂಡಿಂಗಲ್ಲಿ ನಿಜವಾಗ್ಲೂ ನಡೆದ ಒಂದು ಫೇಮಸ್ ಘಟನೆ ಇದೆ. 1948ರ ನವೆಂಬರ್ ಸಂಚಿಕೇಲಿ ಒಬ್ಬ ಓದುಗ ತಮಾಷೆಗೆ 1949ರ ನವೆಂಬರ್ ಸಂಚಿಕೆಗೆ ವಿಮರ್ಶೆ ಬರೆದಿದ್ದ, ಸಂಪಾದಕ ಕ್ಯಾಂಪ್‌ಬೆಲ್ ಸುಮ್ನಿರ್ದೆ ಲೇಖಕರನ್ನ ಹಿಡಿದು ಅವನು ಹೇಳಿದ ಹಾಗೇ ಹೆಚ್ಚುಕಮ್ಮಿ ಆ ಸಂಚಿಕೆ ತಂದೇಬಿಟ್ಟ. ಆ ಓದುಗನಿಗೆ ಒಂದು ವರ್ಷ ಮುಂಚೆ, ನನಗೆ ವರ್ಷ ಕಳೆದ್ರೂ ಇಲ್ಲ.

ಈಗ ಪತ್ರಿಕೆಯೋರ ಹತ್ರಾನೇ ನೇರವಾಗಿ ಡಿಜಿಟಲ್ ಚಂದಾ ಕಟ್ಟಿದೀನಿ, ಬಿಡುಗಡೆ ದಿನಾನೇ ಫೈಲ್ ಬರುತ್ತೆ. ಕಾಗ್ದದ ವಾಸನೆ ಇಲ್ಲ, ಏನ್ ಮಾಡೋದು. ದುಡ್ಡು ಕೊಡೋ ಮುಂಚೆ ರುಚಿ ನೋಡ್ಬೇಕು ಅನ್ನೋರಿಗೆ ಕ್ಲಾರ್ಕ್ಸ್‌ವರ್ಲ್ಡ್ ಅನ್ನೋ ಸೈನ್ಸ್ ಫಿಕ್ಷನ್ ಪತ್ರಿಕೆ ಇದೆ, ಕಥೆಗಳನ್ನ ಅವರ ಸೈಟಲ್ಲೇ ಫ್ರೀಯಾಗಿ ಓದ್ಬಹುದು, ಎಲ್ಲಾ ಹಾರ್ಡ್ ಅಲ್ಲ ಆದ್ರೂ ಚೆನ್ನಾಗಿರ್ತವೆ. ಇನ್ನು ಕಾಗ್ದದ್ದೇ ಬೇಕು ಅಂತ ಹಟ ಇದ್ರೆ, ಫಾರಂ ನಿಮ್ಮ ಆರು ಅಂಕಿ ಪಿನ್ ಪೂರ್ತಿ ತಗೊಳ್ಳುತ್ತಾ ನೋಡಿ. ತಗೊಳ್ಳಲ್ವಾ, ಅಲ್ಲಿಂದ ಎದ್ಬಿಡಿ.

ಆ ಸೈಟೋರು ನನ್ನ ಇನ್ನೂ ಬಿಟ್ಟಿಲ್ಲ. 2025ರ ಸೆಪ್ಟೆಂಬರ್ 3ರ ಬೆಳಗಿನ ಜಾವ 2:40ಕ್ಕೆ ಎಸ್‌ಎಂಎಸ್, 118 ಡಾಲರ್ ವಹಿವಾಟು ಡಿಕ್ಲೈನ್ ಆಗಿದೆ ಅಂತ. ನನ್ನ ಕೇಳ್ದೇನೇ ರಿನ್ಯೂ ಮಾಡೋಕೆ ಹೋಗಿದಾರೆ. ಆಮೇಲೆ ಇನ್ನೆರಡು ಸಲ. ಕಾರ್ಡ್ ಬ್ಲಾಕ್ ಮಾಡ್ಸಿ ಹೊಸದು ತಗೊಂಡೆ.

ಅಂದ ಹಾಗೆ, ಬಂದಿರೋ ಆ ಒಂದು ಸಂಚಿಕೇಲಿ ಒಂದು ಧಾರಾವಾಹಿ ಇದೆ, ಮೂರು ಭಾಗದ್ದು, ನನ್ನ ಹತ್ರ ಇರೋದು ಎರಡನೇ ಭಾಗ. ಸಖತ್ತಾಗಿದೆ. ಹಳೇ ಸಂಚಿಕೆ ತರಿಸೋಣ ಅಂದ್ರೆ ಪೋಸ್ಟೇಜೇ ಪುಸ್ತಕಕ್ಕಿಂತ ಜಾಸ್ತಿ. ಯಾರಾದ್ರೂ ಈ ಥರ ಪತ್ರಿಕೆ ತರಿಸ್ತಿದ್ರೆ ಮೆಸೇಜ್ ಮಾಡಿ, ಹೆಸರು ಹೇಳ್ತೀನಿ, ಒಂದು ಮತ್ತು ಮೂರನೇ ಭಾಗ ಓದಿ ವಾಪಸ್ ಕೊಡ್ತೀನಿ.