ಆಕ್ಟಿವ್ ಪಿಕಪ್ ಹೋಲಿಕೆ: ಇಎಂಜಿ 81/60, ಫ್ಲುಯೆನ್ಸ್ ಮಾಡರ್ನ್, ಬ್ಲ್ಯಾಕೌಟ್ಸ್

ಎಲೆಕ್ಟ್ರಿಕ್ ಗಿಟಾರಿನ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವುದು ಪಿಕಪ್; ಒಳಗೆ ಬ್ಯಾಟರಿಯಿಂದ ನಡೆಯುವ ಪುಟ್ಟ ಆಂಪ್ ಇರುವುದು ಆಕ್ಟಿವ್ ಪಿಕಪ್. ಇಂಥ ಮೂರು ಸೆಟ್‌ಗಳನ್ನೂ ಒಂದೇ ಗಿಟಾರಿಗೆ, ಒಂದೇ ಆಂಪ್‌ಗೆ, ಡ್ರಾಪ್ ಸಿ ಟ್ಯೂನಿಂಗ್‌ನಲ್ಲಿ (ತಂತಿಗಳನ್ನು ಮಾಮೂಲಿಗಿಂತ ತಗ್ಗಿಸಿ) ಹಾಕಿ ನೋಡಿದ ಮೇಲೆ ಗಿಟಾರಿನಲ್ಲಿ ಉಳಿದದ್ದು ಇಎಂಜಿ: ಬ್ರಿಡ್ಜ್ ಪಕ್ಕಕ್ಕೆ 81, ನೆಕ್ ಪಕ್ಕಕ್ಕೆ 60. ದನಿಯೊಂದನ್ನೇ ನೋಡಿದರೆ ಫಿಶ್‌ಮನ್ ಫ್ಲುಯೆನ್ಸ್ ಒಂದು ಕೈ ಮೇಲು. ಆದರೆ ಬ್ಯಾಟರಿ ವಿಷಯಕ್ಕೆ ಬಂದರೆ ಕಥೆಯೇ ಬೇರೆ.

ಒಂದು 81 ಎಳೆಯುವ ಕರೆಂಟು ಸುಮಾರು 80 ಮೈಕ್ರೊಆಂಪಿಯರ್. ಎರಡು ಪಿಕಪ್ ಸೇರಿ 0.16 ಮಿಲಿಆಂಪಿಯರ್. 500 ಮಿಲಿಆಂಪಿಯರ್-ಅವರ್‌ನ 9 ವೋಲ್ಟ್ ಆಲ್ಕಲೈನ್ ಬ್ಯಾಟರಿ ಲೆಕ್ಕದ ಪ್ರಕಾರ ಸುಮಾರು 3000 ಗಂಟೆ ಬರಬೇಕು. ಫ್ಲುಯೆನ್ಸ್ ಎಳೆಯುವುದೇ ಮಿಲಿಆಂಪಿಯರ್‌ಗಳಲ್ಲಿ. ಅದೇ ಬ್ಯಾಟರಿಯ ಆಯುಸ್ಸು ಅಲ್ಲಿ ಕೆಲವು ನೂರು ಗಂಟೆಗೆ ಇಳಿಯುತ್ತದೆ. ನುಡಿಸಿ ಮುಗಿಸಿದ ಕೂಡಲೇ ಕೇಬಲ್ ಕೀಳುವವರಿಗೆ ಇದು ದೊಡ್ಡ ತೊಂದರೆಯಲ್ಲ. ಕೇಬಲ್ ಸಿಕ್ಕಿಸಿಯೇ ಬಿಡುವ ನನ್ನಂಥವರಿಗೆ ಬ್ಯಾಟರಿ ಸುಮ್ಮನೆ ಕರಗುತ್ತದೆ. ಯಾಕೆಂದರೆ ಇಲ್ಲಿ ಆನ್-ಆಫ್ ಸ್ವಿಚ್ ಅಂದರೆ ಕೇಬಲ್ ಸಿಕ್ಕಿಸುವ ಜಾಕೇ. ಬ್ಯಾಟರಿಯ ಕಪ್ಪು ವೈರು ಸ್ಟೀರಿಯೊ ಜಾಕ್‌ನ ರಿಂಗ್ ಕಾಲಿಗೆ ಹೋಗುತ್ತದೆ, ಮೋನೊ ಪ್ಲಗ್ ಒಳಗೆ ಹೋದಾಗ ಅದರ ಮೈ ಆ ರಿಂಗನ್ನು ಗ್ರೌಂಡ್‌ಗೆ ಸೇರಿಸುತ್ತದೆ.

ಆ ಕಪ್ಪು ವೈರನ್ನು ತಪ್ಪಿ ಗ್ರೌಂಡ್ ಕಾಲಿಗೇ ಸೋಲ್ಡರ್ ಮಾಡಿದರೂ ಗಿಟಾರ್ ಚೆನ್ನಾಗಿಯೇ ನುಡಿಯುತ್ತದೆ, ಆದರೆ ಬ್ಯಾಟರಿ ಯಾವತ್ತೂ ಆಫ್ ಆಗುವುದಿಲ್ಲ. ಹಾಗಾಗಿ ಗಿಟಾರಿನ ಹಿಂಬದಿಯ ಮುಚ್ಚಳ ಹಾಕುವ ಮೊದಲು ಕ್ಲಿಪ್‌ನ ಒಂದು ಬದಿ ಬಿಚ್ಚಿ, ನಡುವೆ ಮಲ್ಟಿಮೀಟರ್ ಇಟ್ಟು ಕರೆಂಟ್ ನೋಡಿ. ಕೇಬಲ್ ಇಲ್ಲದಾಗ ಸೊನ್ನೆಯೇ ಬರಬೇಕು.

ಬ್ಯಾಟರಿ ಇಳಿದದ್ದು ಹೈ ಗೇನ್‌ನಲ್ಲಿ, ಅಂದರೆ ದನಿ ಒಡೆದು ಬರುವಷ್ಟು ಆಂಪ್ ಏರಿಸಿದಾಗ, ಗೊತ್ತೇ ಆಗುವುದಿಲ್ಲ. ಆಂಪ್‌ನ ಕ್ಲೀನ್ ಚಾನೆಲ್‌ಗೆ (ದನಿ ಒಡೆಯದ ಕಡೆಗೆ) ಹೋಗಿ ದಪ್ಪ ತಂತಿಗಳನ್ನು ಜೋರಾಗಿ ಮೀಟಿ: ಮೊದಲ ಪೆಟ್ಟು ಪರಪರ ಒಡೆದು, ದನಿ ಇಳಿಯುತ್ತಿದ್ದಂತೆ ಸ್ವಚ್ಛವಾದರೆ ಬ್ಯಾಟರಿ ಸೋತಿದೆ ಅಂತಲೇ. ಮೆತ್ತಗೆ ಮೀಟಿ ನೋಡಿದರೆ ಎಲ್ಲ ಸರಿಯಿದ್ದಂತೆ ಕೇಳಿಸಿ ಮೋಸ ಮಾಡುತ್ತದೆ. ಬ್ಯಾಟರಿಗೆ ಬೇರೆ ಡಬ್ಬಿ ಇಲ್ಲದ ಗಿಟಾರಿನಲ್ಲಿ ಪ್ರತಿ ಸಲವೂ ಹಿಂಬದಿಯ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಬೇಕು. ಮರದಲ್ಲಿ ಸ್ಕ್ರೂ ಹಿಡಿತ ಸಡಿಲವಾಗುವುದು ಹೀಗೆಯೇ. ಬ್ಯಾಟರಿಗೆ ತೆಳ್ಳಗೆ ಫೋಮ್ ಸುತ್ತಿ ಇಡಿ, ಇಲ್ಲವಾದರೆ ಅದರ ಲೋಹದ ಮೈ ಪಾಟ್‌ನ (ವಾಲ್ಯೂಮ್, ಟೋನ್ ತಿರುಗಿಸುವ ಗುಂಡಿಯ ಕೆಳಗಿನ ಭಾಗ) ಕಾಲುಗಳಿಗೆ ತಾಗುತ್ತದೆ.

ಪಾಟ್‌ಗಳು 25ಕೆ (ಕಿಲೋಓಮ್) ಇರಬೇಕು. ಹಳೆಯ 500ಕೆ ಪಾಟ್ ಉಳಿಸಿಕೊಂಡರೆ ವಾಲ್ಯೂಮ್ ನಿಧಾನವಾಗಿ ಏರಿಳಿಯದೆ ಸ್ವಿಚ್ಚಿನ ಹಾಗೆ ವರ್ತಿಸುತ್ತದೆ. ಇಎಂಜಿಗೆ ಬ್ರಿಡ್ಜ್‌ನಿಂದ ಬರುವ ಗ್ರೌಂಡ್ ವೈರು ಬೇಡ, ಬಿಚ್ಚಿ ತುದಿಗೆ ಟೇಪ್ ಸುತ್ತಿ.

ಇನ್ನು ದನಿ. 81 ಬಿಗಿ: ಪಾಮ್ ಮ್ಯೂಟ್ (ಅಂಗೈ ಅಂಚನ್ನು ತಂತಿಗೆ ತಾಗಿಸಿ ಮೀಟುವುದು) ಹೊಡೆದು ನಿಲ್ಲಿಸಿದರೆ ಅಲ್ಲಿಗೇ ನಿಲ್ಲುತ್ತದೆ, ದಪ್ಪ ತಂತಿಯ ದನಿ ಕೆಸರಾಗುವುದಿಲ್ಲ. ಕ್ಲೀನ್‌ನಲ್ಲಿ ಮಾತ್ರ ಸ್ವಲ್ಪ ಒಣ ಒಣ. ಆ ಕೊರತೆಯನ್ನು ನೆಕ್‌ನ 60 ತುಂಬಿಕೊಡುತ್ತದೆ. ಎರಡು ಬ್ಯಾಟರಿ ಸರಣಿಯಲ್ಲಿ ಸೇರಿಸಿ 18 ವೋಲ್ಟ್ ಕೊಟ್ಟರೆ ಹೆಡ್‌ರೂಮ್ (ದನಿ ಒಡೆಯದೆ ಏರಬಲ್ಲ ಮಿತಿ) ಹೆಚ್ಚಿ ಪೆಟ್ಟಿನ ಮೊನೆ ಉಳಿಯುತ್ತದೆ, ಆದರೆ ಒಳಗೆ ಅಷ್ಟು ಜಾಗ ಬೇಕಲ್ಲ!

ಫ್ಲುಯೆನ್ಸ್‌ನಲ್ಲಿ ಸುತ್ತಿದ ತಂತಿಯ ಕಾಯಿಲ್ ಇಲ್ಲ, ಪದರ ಪದರವಾಗಿ ಜೋಡಿಸಿದ ಸರ್ಕ್ಯೂಟ್ ಬೋರ್ಡ್ ಇದೆ. ಪುಶ್-ಪುಲ್ ಪಾಟ್ ಎಳೆದರೆ ದನಿಯ ಗುಣವೇ ಬದಲಾಗುತ್ತದೆ. ಹಾಗೆ ಸಿಗುವ ಎರಡನೆಯ ವಾಯ್ಸ್ ನಿಜಕ್ಕೂ ಬ್ಯಾಟರಿ ಬೇಡದ ಪ್ಯಾಸಿವ್ ಪಿಕಪ್ಪಿನಂತೆ ಉಸಿರಾಡುತ್ತದೆ. ವೈರುಗಳು ಜಾಸ್ತಿ, ಕೂರಿಸಲು ತಾಳ್ಮೆ ಬೇಕು.

ಸೀಮೋರ್ ಡಂಕನ್ ಕಂಪನಿಯ ಬ್ಲ್ಯಾಕೌಟ್ಸ್ ಮೂರರಲ್ಲೂ ಜೋರು. ಆಂಪ್ ಮೊದಲೇ ಹೈ ಗೇನ್ ಆಗಿದ್ದರೆ ಆ ಜೋರು ದಂಡ.

ಒಂದೇ ಗಿಟಾರಿನಲ್ಲಿ ಜಾಜ್ ಕ್ಲೀನ್‌ನಿಂದ ಮೆಟಲ್‌ವರೆಗೆ ಎಲ್ಲವನ್ನೂ ನುಡಿಸುವವರು, ಹಿಂದೆ ಬ್ಯಾಟರಿ ಡಬ್ಬಿ ಇದ್ದರೆ, ಕಣ್ಣು ಮುಚ್ಚಿ ಫ್ಲುಯೆನ್ಸ್ ತೆಗೆದುಕೊಳ್ಳಲಿ. ಕೈಯಲ್ಲಿ ಒಂದು ಸೆಟ್‌ಗೆ ಸಾಲುವಷ್ಟೇ ಹಣ, ನುಡಿಸುವುದು ಬಹುಪಾಲು ರಿಫ್, ಕೇಬಲ್ ಕೀಳುವುದು ಮರೆತೇಹೋಗುತ್ತದೆ ಅಂತಾದರೆ 81/60 ಹಾಕಿಸಿ. 25ಕೆ ಪಾಟ್, ಸ್ಟೀರಿಯೊ ಜಾಕ್, ಬ್ಯಾಟರಿ ಕ್ಲಿಪ್ ಪೆಟ್ಟಿಗೆಯಲ್ಲೇ ಬರುತ್ತವೆ.